ತೆರೆಯ ಮೇಲಿನ ಶರೀಫರು

ಶಿಗ್ಗಾಂವಿ ಸೀಮೆಯ ಶಿಶುನಾಳ ಶರೀಫರು 1819ರಲ್ಲಿ ಜನಿಸಿ 1889ರಲ್ಲಿ ಕಾಲವಾದರು. ಅವರ ಕಂಠ ಯಾವ ಮುದ್ರಿಕೆಯಲ್ಲಿಯೂ ಉಳಿದಿಲ್ಲ. ನಾಗಾಭರಣರ 1990ರ ಚಲನಚಿತ್ರವನ್ನು ದೂರದರ್ಶನದಲ್ಲಿ ನೋಡುವಾಗ ನಾವು ಕಾಣುವುದು ನಟ ಶ್ರೀಧರರ ಮುಖವನ್ನು, ಕೇಳುವುದು ಸಿ. ಅಶ್ವತ್ಥರು ಅಳವಡಿಸಿದ ಸಂಗೀತವನ್ನು. ಮುಂದೆ ರಘು ದೀಕ್ಷಿತರು ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ ತರುಣರಿಗೆ ಮುಟ್ಟಿಸಿದರು.

ಇದರಿಂದ ಶರೀಫರಿಗೆ ಅಪಚಾರವಾಯಿತೆ? ಆಗಲಿಲ್ಲವೆಂದೇ ನನ್ನ ಭಾವನೆ. ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಸಾಗಿ ಬಂದ ಪದಗಳಿಗೆ ಧಾಟಿ ಬದಲಾಗುವುದು ಸಹಜವೇ. ಅಪಾಯವಿರುವುದು ಬೇರೆಡೆ. ಮಳೆಗೆ ಸೋರುವ ಮಣ್ಣಿನ ಮಾಳಿಗೆ ನಮ್ಮ ಹಾನಗಲ್ಲು, ಸವಣೂರು, ಹಿರೇಕೆರೂರಿನ ಹಿರಿಯರಿಗೆ ನಿತ್ಯದ ಅನುಭವವಾಗಿತ್ತು. ಶರೀಫರು ಅದರಲ್ಲಿ ಮನುಷ್ಯನ ಅಜ್ಞಾನವನ್ನು ಕಂಡರು. ಸಿಮೆಂಟಿನ ಮನೆಯಲ್ಲಿ ಬೆಳೆದ ಮಕ್ಕಳಿಗೆ ಹಾಡಿನೊಡನೆ ಆ ಮಾಳಿಗೆಯ ಕಥೆಯನ್ನೂ ಹೇಳೋಣ.