ಪಾವ್ಲೋವನ ನಾಯಿಗಳೂ ಲಿವರ್ ರೋಗಿಯ ತಟ್ಟೆಯೂ

ಕಾಮಾಲೆ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಶುರುವಾಗುವುದು ಪಥ್ಯ. ಎಣ್ಣೆ ಬೇಡ, ಬೇಳೆ ಬೇಡ, ಮೊಟ್ಟೆಯ ಹೆಸರೆತ್ತಬೇಡ. ಗಂಜಿ, ಮಜ್ಜಿಗೆ, ಕಬ್ಬಿನ ಹಾಲು ಸಾಕು. ಇದು ಬರೀ ಅಜ್ಜಿಯರ ಹಟ ಅಂತ ತಿಳಿಯಬೇಡಿ. ದೊಡ್ಡ ದೊಡ್ಡ ಆಸ್ಪತ್ರೆಗಳೂ ಲಿವರ್ ರೋಗಿಯ ತಟ್ಟೆಯಿಂದ ಬೇಳೆ, ಮೊಟ್ಟೆ, ಮಾಂಸ ತೆಗೆಸಿದ್ದುಂಟು, ಅದೂ ದಶಕಗಟ್ಟಲೆ. ಆ ಭಯದ ಮೂಲ ಹುಡುಕುತ್ತ ಹೋದರೆ ಸಿಗುವುದು ರಷ್ಯಾದ ನಾಯಿಗಳು.

1877ರಲ್ಲಿ ನಿಕೊಲಾಯ್ ಎಕ್ ಎಂಬ ಶಸ್ತ್ರವೈದ್ಯ, ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ನಾಳವನ್ನು ಹೃದಯದತ್ತ ಹೋಗುವ ದೊಡ್ಡ ನಾಳಕ್ಕೆ ಹೊಲಿದ. ರಕ್ತ ಲಿವರಿಗೆ ಹೋಗದೆ ನೇರ ಮುಂದೆ ಸಾಗಬೇಕು, ಅಷ್ಟೇ. ಎಂಟು ನಾಯಿಗಳಲ್ಲಿ ಏಳು ಸತ್ತವು. ಎಂಟನೆಯದು ಎರಡು ತಿಂಗಳಿಗೂ ಹೆಚ್ಚು ಬದುಕಿ, ಒಂದು ದಿನ ಪ್ರಯೋಗಶಾಲೆಯಿಂದ ಓಡಿಯೇ ಹೋಯಿತು! ವೈದ್ಯಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಪಾತ್ರ ಅದು.

ಆಮೇಲೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅದೇ ಹೊಲಿಗೆ ಹಾಕಿದವನು ಇವಾನ್ ಪಾವ್ಲೋವ್. ಹೌದು, ಜೊಲ್ಲು ಸುರಿಸುವ ನಾಯಿಗಳಿಂದ ಹೆಸರಾದ ಅದೇ ಪಾವ್ಲೋವ್. 1893ರಲ್ಲಿ ಅವನೂ ಸಂಗಡಿಗರೂ ಬರೆದದ್ದು ಓದಿದರೆ ಕರುಳು ಚುರುಕ್ಕೆನ್ನುತ್ತದೆ. ಮಾಂಸ ತಿಂದ ನಾಯಿಗಳು ಸಿಡುಕಿದವು, ತೂರಾಡಿದವು, ಸೆಳೆತ ಬಂದು ಪ್ರಜ್ಞೆ ತಪ್ಪಿದವು. ಆಮೇಲೆ ಕೆಲವು ನಾಯಿಗಳು ಮಾಂಸ ಮುಂದಿಟ್ಟರೂ ಮುಟ್ಟಲಿಲ್ಲ. ಪ್ರೋಟೀನಿನಿಂದ ಹುಟ್ಟುವ ಅಮೋನಿಯವನ್ನು ಯೂರಿಯಾ ಮಾಡಿ ಕಳಿಸುವುದು ಲಿವರ್. ಅದನ್ನು ತಪ್ಪಿಸಿ ಹೋದ ಅಮೋನಿಯ ಮೆದುಳಿಗೇ ಹತ್ತಿತ್ತು.

1941ರಲ್ಲಿ ನ್ಯೂಯಾರ್ಕಿನ ಆರ್ಥರ್ ಪಾಟೆಕ್ ಮತ್ತು ಪೋಸ್ಟ್, ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ) ರೋಗಿಗಳಿಗೆ ಪುಷ್ಟಿಯ ಊಟವನ್ನೂ ಬಿ ವಿಟಮಿನ್ ತುಂಬಿದ ಪೂರಕಗಳನ್ನೂ ಕೊಟ್ಟು, ಅವರು ಮೊದಲಿನವರಿಗಿಂತ ಹೆಚ್ಚು ಕಾಲ ಬದುಕಿದರು ಎಂದು ಬರೆದರು. ದಾರಿ ಸರಿಯಾಗಿಯೇ ಇತ್ತು. ಆದರೆ 1954ರಲ್ಲಿ ಲಂಡನ್ನಿನ ಶೀಲಾ ಶೆರ್ಲಾಕ್ ಮತ್ತು ಸಹೋದ್ಯೋಗಿಗಳು ಲಿವರ್ ಸೋತಾಗ ಮೆದುಳಿಗೆ ಕವಿಯುವ ಮಂಪರು ರೋಗವನ್ನು ಸೊಗಸಾಗಿ ವಿವರಿಸಿ, ಪ್ರೋಟೀನ್ ಕಡಿಮೆ ಮಾಡಿ ಅಂದರು. ಆಕೆ ಈ ಶಾಸ್ತ್ರದ ಮಹಾತಾಯಿ, ಅನುಮಾನವಿಲ್ಲ. ಆದರೂ ಮಂಪರು ಕವಿದವರಿಗೆ ಹೇಳಿದ ಪಥ್ಯ ಮೆಲ್ಲಗೆ ಎಲ್ಲ ಲಿವರ್ ರೋಗಿಗಳ ಹಣೆಗೂ ಅಂಟಿಕೊಂಡಿತಲ್ಲ, ಅದು ನನಗಿನ್ನೂ ನೋವು.

ಯಾಕೆಂದರೆ ಲಿವರ್ ನಮ್ಮ ಚೆಕ್‌ಪೋಸ್ಟ್ ಕೂಡ. ಕರುಳಿನಿಂದ ನುಸುಳಿ ಬರುವ ಬ್ಯಾಕ್ಟೀರಿಯಾಗಳನ್ನು ಅಲ್ಲಿನ ಕುಪ್ಫರ್ ಕೋಶಗಳು ಹಿಡಿದು ನುಂಗುತ್ತವೆ. ರೋಗದ ವಿರುದ್ಧ ಕಾದಾಡುವ ಹಲವು ಪ್ರೋಟೀನುಗಳು ತಯಾರಾಗುವುದೂ ಅಲ್ಲೇ. ಸಿರೋಸಿಸ್‌ನಲ್ಲಿ ಈ ಕಾವಲು ಸಡಿಲವಾಗುತ್ತದೆ, ಸೋಂಕು ಬೇಗ ತಗುಲುತ್ತದೆ. ಅಂಥವರಿಗೆ ಊಟವನ್ನೂ ಕಿತ್ತುಕೊಂಡರೆ? ಮಾಂಸಖಂಡ ಕರಗುತ್ತದೆ. ಲಿವರ್ ಸೋತಾಗ ಅಮೋನಿಯವನ್ನು ಹೀರಿಕೊಳ್ಳಬೇಕಾದದ್ದು ಅದೇ ಮಾಂಸಖಂಡ!

2004ರಲ್ಲಿ ಬಾರ್ಸಿಲೋನಾದ ವೈದ್ಯರು ಮಂಪರು ಬಂದ 30 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಮಾಮೂಲಿ ಪ್ರೋಟೀನ್ ತಿಂದವರೂ ಪಥ್ಯದವರಷ್ಟೇ ಚೇತರಿಸಿಕೊಂಡರು. ಮೈಯ ಪ್ರೋಟೀನ್ ಹೆಚ್ಚು ಕರಗಿದ್ದು ಪಥ್ಯದವರದ್ದು. ಈಗ ಯುರೋಪಿನ ತಜ್ಞರು ಸಿರೋಸಿಸ್ ಇರುವವರಿಗೆ ದೇಹತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ.

ಮಧ್ಯೆ ಸತುವಿನ ಮಾತ್ರೆ, ಅಮೈನೊ ಆಮ್ಲದ ಪುಡಿ ಎಲ್ಲ ಬಂದವು. ಕೆಲವು ಕೆಲವರಿಗೆ ಉಪಯೋಗ. ಆದರೆ ಕೋವಿಡ್ ಕಾಲದ ‘ಇಮ್ಯುನಿಟಿ’ ಹುಚ್ಚು ನೆನಪಿದೆಯೇ? ಅಮೃತಬಳ್ಳಿ ಕುಡಿದು ಲಿವರ್ ಉರಿಯೂತಕ್ಕೆ ಸಿಕ್ಕ ಆರು ಜನರ ವರದಿ ಮುಂಬೈಯಿಂದ 2021ರಲ್ಲಿ ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಮರುವರ್ಷ 13 ಕೇಂದ್ರಗಳಿಂದ 43 ಜನರ ವರದಿ ಬಂತು. ಲಿವರ್ ಕಾಯಿಲೆ ಇದ್ದವರಂತೂ ಯಾವ ಪುಡಿ, ಕಷಾಯವನ್ನೂ ವೈದ್ಯರಿಗೆ ಹೇಳದೆ ಕುಡಿಯಬಾರದು.

ನನ್ನನ್ನು ಕೇಳಿದರೆ, ಇಷ್ಟೆಲ್ಲದರಲ್ಲಿ ಸೊಗಸಾದದ್ದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನಡೆದ ಪ್ರಯೋಗ, 2008ರದು. ಸಿರೋಸಿಸ್ ರೋಗಿಗಳಿಗೆ ಒಂದು ವರ್ಷ ಒಂದೇ ಬಗೆಯ ಪುಷ್ಟಿಪೇಯ ಕೊಟ್ಟರು, ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ. ರಾತ್ರಿ ಕುಡಿದವರ ಮೈಯಲ್ಲಿ ಸುಮಾರು ಎರಡು ಕಿಲೋ ಮಾಂಸಖಂಡಕ್ಕೆ ಸಮನಾದಷ್ಟು ಪ್ರೋಟೀನ್ ಸೇರಿತು. ಹಗಲಿನವರಿಗೆ ಆ ಲಾಭವಿಲ್ಲ. ಲಿವರ್ ಕೆಟ್ಟವರಿಗೆ ಒಂದು ರಾತ್ರಿಯ ಹಸಿವೆಂದರೆ ನಮಗೆ ಎರಡು ಮೂರು ದಿನದ ಉಪವಾಸ. ನಿಮ್ಮ ಮನೆಯಲ್ಲಿ ಸಿರೋಸಿಸ್ ಇದ್ದೂ ಏಕಾದಶಿ ಬಿಡದ ಹಿರಿಯರಿದ್ದರೆ, ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಈ ಮಾತು ಎತ್ತಿ.