ಅಪಘಾತದ ನಂತರದ ಒಂದು ಗಂಟೆ, ಅದಕ್ಕೂ ಮೊದಲಿನ ಇಪ್ಪತ್ತು ರೂಪಾಯಿ

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ. ಬಿ.ಕಾಂ. ಮುಗಿಸಿ ಊರು ಬಿಟ್ಟು ಬಂದು, ಮುಂಬಯಿ ಮತ್ತು ಥಾಣೆಯ ಶಾಖೆಗಳಲ್ಲಿ ಬ್ಯಾಂಕಿನ ಕೆಲಸ ಮಾಡಿ ನಿವೃತ್ತನಾದವನು. ಅಪಘಾತದ ವಿಷಯ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ, ಡಾಕ್ಟರರನ್ನೇ ಕೇಳಿ ಎಂದೆ. ಅವರು ಬಿಡಲಿಲ್ಲ. “ಗಾಯದ ವಿಷಯ ಡಾಕ್ಟರರು ಹೇಳುತ್ತಾರೆ, ಬಿಲ್ಲು ಮತ್ತು ಕಾಗದದ ವಿಷಯ ನೀವೇ ಹೇಳಬೇಕು” ಎಂದರು. ನಿಧಿಯ ಸಮಿತಿಯಲ್ಲಿ ಅರ್ಜಿಗಳನ್ನು ಓದಿ ನೋಡುವ ಕೆಲಸ ನನ್ನದು. ಆ ಅರ್ಜಿಗಳಿಂದ ಕಲಿತದ್ದನ್ನೇ ಹೇಳುತ್ತೇನೆ. ಔಷಧದ ವಿಷಯದಲ್ಲಿ ತಪ್ಪಿದರೆ ಡಾಕ್ಟರರು ತಿದ್ದಲಿ.

ಕಾಯಿಲೆಯ ಅರ್ಜಿಗೂ ಅಪಘಾತದ ಅರ್ಜಿಗೂ ಒಂದು ವ್ಯತ್ಯಾಸವಿದೆ. ಕಾಯಿಲೆ ಬಂದ ಮನೆಗೆ ಯೋಚಿಸಲು ಸ್ವಲ್ಪ ದಿನ ಸಿಗುತ್ತದೆ. ಅಪಘಾತ ಆದ ಮನೆಗೆ ಸಿಗುವುದು ಒಂದು ಗಂಟೆ. ಆ ಗಂಟೆಯಲ್ಲಿ ಯಾರಿಗೂ ಹೊಸದಾಗಿ ಏನೂ ಹೊಳೆಯುವುದಿಲ್ಲ. ಮೊದಲೇ ಗೊತ್ತಿದ್ದದ್ದು, ಮೊದಲೇ ತಯಾರಿದ್ದದ್ದು ಮಾತ್ರ ಕೈಗೆ ಬರುತ್ತದೆ. ನನ್ನ ಇಡೀ ಭಾಷಣದ ಸಾರ ಇಷ್ಟೇ.

ನಮ್ಮ ದಾರಿಯಿಂದಲೇ ಶುರು ಮಾಡೋಣ. ಡೊಂಬಿವಲಿ, ಕಲ್ಯಾಣ್‌ನಿಂದ ಬೆಳಗ್ಗೆ ಲೋಕಲ್ ಹತ್ತಿದವರಿಗೆ ನಾನು ವಿವರಿಸಬೇಕಾಗಿಲ್ಲ. 2025ರ ಜೂನ್ 9, ಸೋಮವಾರ ಬೆಳಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾದ ಎರಡು ಲೋಕಲ್‌ಗಳ ಫುಟ್‌ಬೋರ್ಡಿನಲ್ಲಿ ನಿಂತವರು ಒಬ್ಬರಿಗೊಬ್ಬರು ತಾಗಿ ಹಳಿಗೆ ಬಿದ್ದರು. ನಾಲ್ವರು ಅಂದೇ ತೀರಿಕೊಂಡರು, ಹಲವರು ಗಾಯಗೊಂಡರು. ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಹಾಕುತ್ತೇವೆ ಎಂದು ರೈಲ್ವೆ ಪ್ರಕಟಿಸಿದ್ದು ಅದರ ನಂತರ. ಬಾಗಿಲು ಬರಲಿ, ಒಳ್ಳೆಯದು. ಅಲ್ಲಿಯವರೆಗೆ ಬೆನ್ನಿನ ಚೀಲ ಎದೆಗೆ ಬರಲಿ, ಫುಟ್‌ಬೋರ್ಡಿನಲ್ಲಿ ನಿಂತು ಮೊಬೈಲ್ ನೋಡುವುದು ನಿಲ್ಲಲಿ, ತುಂಬಿದ ಗಾಡಿ ಬಿಟ್ಟು ಮುಂದಿನದು ಹಿಡಿಯುವ ಅಭ್ಯಾಸವಾಗಲಿ. “ಮಸ್ಟರ್ ತಪ್ಪುತ್ತದೆ” ಎನ್ನುವ ಮಕ್ಕಳಿಗೆ ನಾವು ಹಿರಿಯರೇ ಹೇಳಬೇಕು: ಅರ್ಧ ದಿನದ ರಜೆ ಹೋದರೆ ಹೋಗಲಿ.

ಈ ದಾರಿಯಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಸಮೀರ್ ಝವೇರಿ ಎನ್ನುವವರು 1989ರಲ್ಲಿ ಲೋಕಲ್ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡರು. ಸುಮ್ಮನೆ ಮನೆಯಲ್ಲಿ ಕೂರದೆ ಬಾಂಬೆ ಹೈಕೋರ್ಟಿಗೆ ಹೋದರು. ನಿಲ್ದಾಣಗಳಲ್ಲಿ ಆಂಬ್ಯುಲೆನ್ಸ್ ಮತ್ತು ತುರ್ತು ವೈದ್ಯಕೀಯ ಕೊಠಡಿ ಇರಬೇಕೆಂದು ಕೋರ್ಟು ಹೇಳಿದ್ದರ ಹಿಂದೆ ಅವರ ಓಡಾಟವಿದೆ. ನಿಮ್ಮ ನಿಲ್ದಾಣದಲ್ಲಿ ಆ ಕೊಠಡಿ ಎಲ್ಲಿದೆ? ಈ ವಾರ ಒಮ್ಮೆ ನೋಡಿಕೊಂಡು ಬನ್ನಿ.

ಇನ್ನು ಆ ಮೊದಲ ಗಂಟೆ. ಪೆಟ್ಟಾದವರ ಹತ್ತಿರ ಹೋಗಲು ನಮ್ಮವರು ಹೆದರುತ್ತಾರೆ, ಪೊಲೀಸ್ ಕೇಸಾಗುತ್ತದೆ ಎಂದು. ಆ ಹೆದರಿಕೆ ಬೇಡ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ಕೆಲಸ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಸರಕಾರಿ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗೂ ಅದು ಒಂದೇ. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಕಾಡಬಾರದು, ಒತ್ತಾಯದಿಂದ ಸಾಕ್ಷಿ ಮಾಡಬಾರದು ಎಂಬ ರಕ್ಷಣೆ 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಕಲಮಾಗಿ ಬಂದಿದೆ. ಹೆಸರು ಹೇಳುವುದೂ ಬಿಡುವುದೂ ನಿಮ್ಮ ಇಷ್ಟ.

ಮಾಡಬೇಕಾದ್ದು ಹೆಚ್ಚಿಲ್ಲ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ರೈಲಿನಲ್ಲಾದರೆ 139. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತೋ ಇಲ್ಲವೋ ಎಂದು ಮತ್ತೆಮತ್ತೆ ತೆಗೆದು ನೋಡಬೇಡಿ. ಒಳಗೆ ಚುಚ್ಚಿ ನಿಂತ ವಸ್ತುವನ್ನು ಎಳೆಯಬೇಡಿ. ಎತ್ತರದಿಂದ ಬಿದ್ದವರನ್ನು, ರಸ್ತೆಯಲ್ಲಿ ಉರುಳಿದವರನ್ನು ಕೈಕಾಲು ಹಿಡಿದು ರಿಕ್ಷಾಕ್ಕೆ ತುಂಬಬೇಡಿ. ಕುತ್ತಿಗೆ, ಬೆನ್ನು ಅಲುಗದಂತೆ ಇರಲಿ. ನೀರು ಕುಡಿಸುವುದು ನಮ್ಮ ಸಂಪ್ರದಾಯ. ಆದರೆ ಎಚ್ಚರವಿಲ್ಲದವರಿಗೆ ಅದು ಶ್ವಾಸನಾಳಕ್ಕೆ ಹೋಗುತ್ತದೆ, ಆಪರೇಷನ್ ಬೇಕಾದವರಿಗೆ ತೊಂದರೆಯಾಗುತ್ತದೆ. ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟು ಒಯ್ಯಿರಿ. ಐಸು ನೇರವಾಗಿ ಬೆರಳಿಗೆ ತಾಗಬಾರದು.

ಎಲ್ಲಿಗೆ ಒಯ್ಯುವುದು? ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣ್‌ನಲ್ಲಿ ರುಕ್ಮಿಣಿಬಾಯಿ, ಕಲ್ವಾದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ವಾಶಿಯಲ್ಲಿ ಮಹಾನಗರಪಾಲಿಕೆಯ ಆಸ್ಪತ್ರೆ, ಅದರಾಚೆ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ. ಖಾಸಗಿಯವೂ ಬೇಕಾದಷ್ಟಿವೆ. ಆದರೆ ಬೋರ್ಡು ದೊಡ್ಡದಿದ್ದರೆ ಸಾಲದು. ತಲೆಗೆ ಪೆಟ್ಟಾದರೆ ರಾತ್ರಿ ಎರಡು ಗಂಟೆಗೂ ಸಿ.ಟಿ. ಸ್ಕ್ಯಾನ್ ಆಗುತ್ತದೆಯೇ, ಶಸ್ತ್ರವೈದ್ಯರು ಬರುತ್ತಾರೆಯೇ, ರಕ್ತ ಸಿಗುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ನಿಮ್ಮ ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ಆರಾಮದ ದಿನವೊಂದರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಓಡುವುದರಲ್ಲೇ ಎಷ್ಟೋ ಮನೆಯವರ ಆ ಗಂಟೆ ಮುಗಿದಿರುತ್ತದೆ.

ಇಲ್ಲಿ ಒಂದು ಘಟನೆ ಹೇಳಬೇಕು. ನವಿಮುಂಬಯಿಯಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಹುಡುಗನೊಬ್ಬ ಪರಾಂಚಿಯಿಂದ ಬಿದ್ದ. ಕಾಲು ಮುರಿದದ್ದು ಎಲ್ಲರಿಗೂ ಕಾಣುತ್ತಿತ್ತು. ಮುಕಾದಮ ಕಾಲಿನ ವಿಷಯವನ್ನೇ ಹೇಳಿದ. ಡಾಕ್ಟರರು ಮರಾಠಿಯಲ್ಲಿ ಕೇಳಿದರೆ ಹುಡುಗನಿಗೆ ತಿಳಿಯದು, ಹಿಂದಿಯೂ ಬಾರದು. ವಾರ್ಡಿನಲ್ಲಿದ್ದ ಯಾರೋ ನಮ್ಮ ಸಂಘದ ಸದಸ್ಯರೊಬ್ಬರಿಗೆ ಫೋನ್ ಹಚ್ಚಿ ಹುಡುಗನ ಕಿವಿಗೆ ಹಿಡಿದರು. ಆತ ಹೇಳಿದ್ದು: “ಹೊಟ್ಟಿ ಕಲ್ಲಾಗ್ಯಾದ್ರಿ, ಎಡಗಡಿ ಭಾಳ ಬ್ಯಾನಿ ಆಗ್ಲಿಕತ್ತದ್ರಿ.” ನಮ್ಮ ಸದಸ್ಯರು ಕುಂದಾಪುರದವರು, ‘ಬ್ಯಾನಿ’ ಅಂದರೆ ನೋವು ಎಂದು ತಿಳಿಯಲು ಅವರೇ ಎರಡು ಸಲ ಕೇಳಬೇಕಾಯಿತು. ಕೂಡಲೇ ಡಾಕ್ಟರರಿಗೆ ಮರಾಠಿಯಲ್ಲಿ ಹೇಳಿದರು. ಪರೀಕ್ಷೆ ಮಾಡಿದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಅದೇ ರಾತ್ರಿ ಆಪರೇಷನ್ ಆಯಿತು, ಹುಡುಗ ಉಳಿದ. ನಮ್ಮ ನಿಧಿಯಿಂದ ಅವನಿಗೆ ಆಮೇಲೆ ಕೊಟ್ಟ ಹಣಕ್ಕಿಂತ ಆ ಎರಡು ನಿಮಿಷದ ಕನ್ನಡ ದೊಡ್ಡದು. ದುಡ್ಡು ಕೊಡುವ ಟ್ರಸ್ಟುಗಳು ಬಹಳ ಇವೆ. ಕನ್ನಡದಲ್ಲಿ “ಎಲ್ಲಿ ನೋವು?” ಎಂದು ಕೇಳಬಲ್ಲವರು ನಾವೇ.

ಈಗ ಕಾಗದದ ವಿಷಯ. ಅಪಘಾತವಾಗಿ ಆಸ್ಪತ್ರೆಗೆ ಹೋದಾಗ ಎಂಎಲ್‌ಸಿ ಎಂದು ಒಂದು ದಾಖಲೆ ಮಾಡುತ್ತಾರೆ. ಪೊಲೀಸ್ ರಗಳೆ ಬೇಡವೆಂದು ಎಷ್ಟೋ ಮನೆಯವರು “ಮನೆಯಲ್ಲಿ ಬಿದ್ದರು” ಎಂದು ಬರೆಸುತ್ತಾರೆ. ಮುಂದೆ ವಿಮೆ ಕೇಳಲು ಹೋದರೆ ಆ ಒಂದು ಸಾಲು ಅಡ್ಡ ಬರುತ್ತದೆ. ಆದದ್ದನ್ನು ಆದ ಹಾಗೆ ಬರೆಸಿ, ಪ್ರತಿಯನ್ನು ಕೇಳಿ ಪಡೆಯಿರಿ. ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಪೊಲೀಸರಿಗೆ ತಿಳಿಸದೆ ಅದು ಸಿಗದು. ಓಡುವ ರೈಲಿನಿಂದ ಆಕಸ್ಮಿಕವಾಗಿ ಬಿದ್ದು ತೀರಿಕೊಂಡ ಪ್ರಯಾಣಿಕನ ಕುಟುಂಬಕ್ಕೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಿಂದ 8 ಲಕ್ಷ ರೂಪಾಯಿ ಪರಿಹಾರವಿದೆ. ಗಾಯಕ್ಕೂ ಗಾಯದ ಪಟ್ಟಿಯಂತೆ ಉಂಟು. ಅರ್ಜಿ ಒಂದು ವರ್ಷದ ಒಳಗೆ ಹಾಕಬೇಕು. ಬಿದ್ದವನ ಜೇಬಿನಲ್ಲಿ ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗಬಾರದು ಎಂದು 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಪಾಸಿನ ಒಂದು ಫೋಟೋ ಮನೆಯವರ ಮೊಬೈಲಿನಲ್ಲಿರಲಿ.

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ. ನಾನು ಶಾಖೆಯಲ್ಲಿದ್ದಾಗ ಒಬ್ಬ ಹೆಣ್ಣುಮಗಳು ಗಂಡನ ಖಾತೆ ಮುಚ್ಚಲು ಬಂದಳು. ಲೋಕಲ್‌ನಿಂದ ಬಿದ್ದು ಗಂಡ ಹೋಗಿ ಮೂರು ವಾರವಾಗಿತ್ತು. ಖಾತೆಯಲ್ಲಿ ಇದ್ದದ್ದು ಸಾವಿರ ಚಿಲ್ಲರೆ. ಪಾಸ್‌ಬುಕ್ಕಿನ ಮೇಲೆ ಕಣ್ಣಾಡಿಸಿದಾಗ ಮೇ ತಿಂಗಳ ಕೊನೆಗೆ 12 ರೂಪಾಯಿ ಕಡಿತ ಕಂಡಿತು. “ಇದು ಏನು ಗೊತ್ತಾ ಅಮ್ಮ?” ಎಂದರೆ, “ಬ್ಯಾಂಕಿನವರು ಏನೋ ಕಡಿಯುತ್ತಾರೆ ಎಂದು ಅವರು ಬೈಯುತ್ತಿದ್ದರು” ಎಂದಳು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. ಪಂಚನಾಮೆ, ಶವಪರೀಕ್ಷೆ ವರದಿ ಎಲ್ಲ ಸೇರಿಸಿ ಕಳುಹಿಸಿದೆವು. 2 ಲಕ್ಷ ರೂಪಾಯಿ ಬಂತು. ಅದೇ ವರ್ಷ ಇನ್ನೊಂದು ಮನೆ. ಅವನೂ ಫಾರ್ಮ್ ತುಂಬಿದ್ದ. ಆದರೆ ಕಂತು ಕಡಿಯುವ ದಿನ ಖಾತೆಯಲ್ಲಿ 12 ರೂಪಾಯಿ ಇರಲಿಲ್ಲ. ವಿಮೆ ಜಾರಿಗೇ ಬಂದಿರಲಿಲ್ಲ. ಆ ತಾಯಿಗೆ ಅದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಈಗ ಆ ಕಂತು ವರ್ಷಕ್ಕೆ 20 ರೂಪಾಯಿ. ವಯಸ್ಸು 18ರಿಂದ 70. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವಿಕಲತೆಗೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ಆಸ್ಪತ್ರೆಯ ಬಿಲ್ಲು ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ವಿಮೆ ಬೇಕು. ಅಪಘಾತವಾದ 30 ದಿನಗಳ ಒಳಗೆ ಬ್ಯಾಂಕಿಗೆ ತಿಳಿಸಬೇಕೆಂದು ನಿಯಮ. ಎಲ್ಲಕ್ಕಿಂತ ಮುಖ್ಯ, ಮನೆಯವರಿಗೆ ಈ ವಿಮೆ ಇದೆ ಎಂದು ಗೊತ್ತಿರಬೇಕು. ಇವತ್ತು ಮನೆಗೆ ಹೋಗಿ ಹೆಂಡತಿಗೆ, ಮಕ್ಕಳಿಗೆ ಪಾಸ್‌ಬುಕ್ ತೋರಿಸಿ.

ಹೋಟೆಲು ನಡೆಸುವ ಬಂಧುಗಳು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ಕಾದ ಎಣ್ಣೆ, ಒದ್ದೆ ನೆಲ, ಗ್ರೈಂಡರು ದಿನವೂ ಇರುವಂಥವು. ನಿಮ್ಮ ಹೋಟೆಲು ಇಎಸ್‌ಐ ವ್ಯಾಪ್ತಿಗೆ ಬರುವುದಾದರೆ ಹುಡುಗರ ಹೆಸರು ಮೊದಲ ದಿನವೇ ನೋಂದಾಯಿಸಿ. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯ ಜೊತೆ ಮನೆಯಲ್ಲಿ ಮಲಗಿರುವಷ್ಟು ದಿನ ಕೂಲಿಯ ಶೇ. 90 ಸಿಗುತ್ತದೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಅರಸಿನ, ಶಾಯಿ ಹಚ್ಚಬೇಡಿ. ಉಂಗುರ, ಬಳೆ ಕೂಡಲೇ ತೆಗೆದು, ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ.

ಡೊಂಬಿವಲಿಯ ಎಂಐಡಿಸಿ ಹತ್ತಿರ ಇರುವವರಿಗೆ ಒಂದು ಮಾತು. 2016ರ ಮೇ 26ರಂದು ಮತ್ತು 2024ರ ಮೇ 23ರಂದು ಅಲ್ಲಿ ಸ್ಫೋಟವಾದಾಗ ಕಾರ್ಖಾನೆಯ ಹೊರಗಿದ್ದವರಿಗೂ ಗಾಯವಾಯಿತು, ಒಡೆದ ಕಿಟಕಿಗಳ ಗಾಜಿನಿಂದ. ದೊಡ್ಡ ಸದ್ದು ಕೇಳಿದರೆ ಏನಾಯಿತೆಂದು ಕಿಟಕಿಗೆ ಓಡಬೇಡಿ, ಕಿಟಕಿಯಿಂದ ದೂರ ಹೋಗಿ.

ಕೊನೆಗೆ ನಮ್ಮ ವಯಸ್ಸಿನವರ ವಿಷಯ. ನಮಗೆ ಅಪಾಯ ಮುಂಬ್ರಾದ ತಿರುವಿಗಿಂತ ಬಚ್ಚಲುಮನೆಯಲ್ಲಿ ಹೆಚ್ಚು. ರಾತ್ರಿ ಎದ್ದು ಕತ್ತಲಲ್ಲೇ ಹೋಗುತ್ತೇವೆ, ಒದ್ದೆ ಟೈಲ್ಸ್ ಮೇಲೆ ಜಾರುತ್ತೇವೆ, ಸೊಂಟದ ಕೀಲು ಮುರಿಯುತ್ತದೆ. “ಎಣ್ಣೆ ತಿಕ್ಕಿ ನಾಲ್ಕು ದಿನ ನೋಡೋಣ” ಎಂದು ಮಲಗುತ್ತೇವೆ. ಆ ಮೂಳೆಗೆ ಆಪರೇಷನ್ ಒಂದೆರಡು ದಿನದೊಳಗೆ ಆಗುವುದು ಒಳ್ಳೆಯದು. ಮಲಗಿದಷ್ಟು ದಿನ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ. ಗೋಡೆಗೆ ಒಂದು ಹಿಡಿಕೆ, ಒಂದು ಸಣ್ಣ ರಾತ್ರಿ ದೀಪ, ಜಾರದ ಚಾಪೆ; ಮೂರೂ ಸೇರಿ ಕೆಲವು ಸಾವಿರದೊಳಗಿನ ಮಾತು. ಆಪರೇಷನ್ ಲಕ್ಷದ ಮಾತು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟು ಬಿದ್ದರೆ, ಎಷ್ಟೇ ಸಣ್ಣದಿರಲಿ, ಅದೇ ದಿನ ಡಾಕ್ಟರರಿಗೆ ತೋರಿಸಿ ಮಾತ್ರೆಯ ಹೆಸರು ಹೇಳಿ.

ಬಂಧುಗಳೇ, ನಿಧಿಗೆ ಹಣ ಬೇಕು, ಅದನ್ನು ಕೇಳಲೇ ನಾನು ನಿಂತದ್ದು. ವಿಮೆ, ಸರಕಾರಿ ಯೋಜನೆ, ಪರಿಹಾರ ಎಲ್ಲ ಮುಗಿದ ಮೇಲೂ ಬಿಲ್ಲಿನಲ್ಲಿ ಒಂದು ಭಾಗ ಉಳಿಯುತ್ತದೆ. ಮುರಿದ ಕಾಲು ಸರಿಯಾಗುವವರೆಗೆ ಮನೆಯ ಬಾಡಿಗೆ, ಮಕ್ಕಳ ಫೀಸು ಉಳಿಯುತ್ತದೆ. ಅದನ್ನು ಹೊರಲು ನೀವು ಬೇಕು. ಆದರೆ ಪಡೆಯಬಹುದಾದದ್ದನ್ನೆಲ್ಲ ಪಡೆದ ಮೇಲೆ ನಮ್ಮ ರೂಪಾಯಿ ಹೋದರೆ ಅದೇ ಹಣ ಇನ್ನೂ ನಾಲ್ಕು ಮನೆಗೆ ಮುಟ್ಟುತ್ತದೆ.

ಆದ್ದರಿಂದ ಮೂರು ಬೇಡಿಕೆ. ಒಂದು, ನಿಮ್ಮಿಂದಾದಷ್ಟು ನಿಧಿಗೆ ಕೊಡಿ. ಎರಡು, ನಿಮ್ಮ ಮನೆಗೆಲಸದವಳು, ವಾಚ್‌ಮನ್, ಹೋಟೆಲಿನ ಹುಡುಗ, ಇವರಲ್ಲಿ ಕನಿಷ್ಠ ಒಬ್ಬರ ಖಾತೆಗೆ ಆ 20 ರೂಪಾಯಿಯ ಫಾರ್ಮ್ ತುಂಬಿಸಿಕೊಡಿ. ಫಾರ್ಮಿನ ಕೆಲಸಕ್ಕೆ ಪ್ರತಿ ಭಾನುವಾರ ಸಂಘದ ಕಚೇರಿಯಲ್ಲಿ ನಾನು ಕುಳಿತಿರುತ್ತೇನೆ. ಮೂರು, ಕನ್ನಡ ಮತ್ತು ಮರಾಠಿ ಎರಡೂ ಬಲ್ಲವರು, ರಾತ್ರಿ ಫೋನ್ ಬಂದರೂ ಎತ್ತುವವರು, ಹೊರಗೆ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ. ಉತ್ತರ ಕರ್ನಾಟಕದ ಮಾತು ಬಲ್ಲವರು ಮೊದಲು ಬರೆಯಿರಿ.

 ಊಟಕ್ಕೆ ಏಳುವ ಮೊದಲು ಆ ಪುಸ್ತಕದ ಹತ್ತಿರ ಒಂದು ನಿಮಿಷ ನಿಲ್ಲಿ.