ಊರಿಗೆ ಉದ್ಯಮ ಬರುವ ಬಗೆ

ಮಗ ಓದು ಮುಗಿಸಿದನೆಂದರೆ ಸಣ್ಣ ಊರಿನ ಮನೆಗಳಲ್ಲಿ ಎರಡು ಮಾತು ಒಟ್ಟಿಗೆ ಹುಟ್ಟುತ್ತವೆ. "ಅಂತೂ ಪಾಸಾದನಲ್ಲ" ಎಂಬುದು ಒಂದು. "ಇನ್ನು ಬೆಂಗಳೂರಿಗೆ ಕಳಿಸಬೇಕಲ್ಲ" ಎಂಬುದು ಇನ್ನೊಂದು. ಹೈಸ್ಕೂಲಿನಲ್ಲಿ ಪಾಠ ಹೇಳುವ ನನ್ನಂಥವರಿಗೆ ಈ ಎರಡನೆಯ ಮಾತು ವರ್ಷ ವರ್ಷವೂ ಕೇಳಿಬರುತ್ತದೆ. ಊರು ತನ್ನ ಮಕ್ಕಳಿಗೆ ಓದು ಕೊಡುತ್ತದೆ, ಉದ್ಯೋಗ ಕೊಡಲಾರದು. ಸಾಕಿ ಬೆಳೆಸುವ ಊರು ಒಂದಾದರೆ ದುಡಿಮೆಯ ಫಲ ಕಾಣುವ ಊರು ಮತ್ತೊಂದು. ಆದ್ದರಿಂದಲೇ ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ, "ನಮ್ಮೂರಿಗೂ ಒಂದು ದೊಡ್ಡ ಕಾರ್ಖಾನೆ ಬರಬಾರದೆ?" ಎಂಬ ಹಂಬಲ ಕೇಳಿಬರುತ್ತದೆ. ಹಂಬಲ ತಪ್ಪಲ್ಲ. ಆದರೆ ಉದ್ಯಮವೆಂಬುದು ಊರಿಗೆ ಹೇಗೆ ಬರುತ್ತದೆ, ಬಂದದ್ದು ಹೇಗೆ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡಿ ನೋಡುವುದು ಒಳ್ಳೆಯದು.

ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ರಿಯಾಯಿತಿ ಕೊಡಿ. ಜಮೀನು ಅಗ್ಗಕ್ಕೆ ಕೊಡಿ, ಕೆಲವು ವರ್ಷ ತೆರಿಗೆ ಬಿಡಿ, ವಿದ್ಯುತ್ತಿನ ದರ ಇಳಿಸಿ. ಬರುವವರು ಬಂದೇ ಬರುತ್ತಾರೆ. ನಾನು ಕನ್ನಡ ಪಂಡಿತ. ಅರ್ಥಶಾಸ್ತ್ರವೆಂದರೆ ಕೌಟಿಲ್ಯನದನ್ನು ಮಾತ್ರ ಅಷ್ಟಿಷ್ಟು ಬಲ್ಲವನು. ಅಲ್ಲಿ ನೋಡಿದರೆ ಈ ಉಪಾಯ ಹೊಸದೇನೂ ಅಲ್ಲ. ಹೊಸದಾಗಿ ಜನರನ್ನು ನೆಲೆಗೊಳಿಸುವ ವಿಷಯ ಹೇಳುವಾಗ ಕೌಟಿಲ್ಯನು ಬೀಜ, ದನ, ಹಣಗಳ ನೆರವನ್ನೂ ತೆರಿಗೆಯ ವಿನಾಯಿತಿಯನ್ನೂ ಸೂಚಿಸುತ್ತಾನೆ. ಆದರೆ ಕೂಡಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತಾನೆ. ಬೊಕ್ಕಸವನ್ನು ಮುಂದೆ ಬೆಳೆಸುವ ವಿನಾಯಿತಿ ಕೊಡತಕ್ಕದ್ದು, ಬರಿದು ಮಾಡುವ ವಿನಾಯಿತಿ ಕೊಡತಕ್ಕದ್ದಲ್ಲ ಎಂದು ಅವನ ಅಭಿಪ್ರಾಯ. ನಮ್ಮ ಶಾಸನಗಳಲ್ಲಿಯೂ ಹೊಸ ಪೇಟೆಯನ್ನೋ ಸಂತೆಯನ್ನೋ ಕಟ್ಟಿಸಿದಾಗ, ಬಂದು ನೆಲಸಿದವರಿಗೆ ಇಷ್ಟು ವರ್ಷ ಸುಂಕವಿಲ್ಲವೆಂದು ಬರೆಸಿರುವುದುಂಟು. ಅದರ ಜೊತೆಗೆ ಅಲ್ಲಿ ಇನ್ನೊಂದು ಹೆಸರು ಕಾಣುತ್ತದೆ: ಪಟ್ಟಣಸ್ವಾಮಿ. ಪೇಟೆಯ ವರ್ತಕರಿಗೆಲ್ಲ ಹಿರಿಯನಾಗಿ, ಊರಿನ ವ್ಯವಹಾರಕ್ಕೆ ಹೊಣೆಯಾಗಿ ನಿಲ್ಲುತ್ತಿದ್ದವನು ಅವನು. ಸುಂಕ ಬಿಟ್ಟರೆ ಮಾತ್ರ ಸಾಲದು, ಬಂದವನ ಕಷ್ಟ ಕೇಳುವುದಕ್ಕೆ ಊರಿನಲ್ಲಿ ಒಬ್ಬ ಬೇಕು ಎಂಬ ವಿವೇಕ ಆ ಕಾಲದವರಿಗಿತ್ತು.

ದಾವಣಗೆರೆಯ ಕಥೆಯನ್ನೇ ನೋಡಿ. ಹದಿನೆಂಟನೆಯ ಶತಮಾನದವರೆಗೆ ಅದು ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿಯು ಅದನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆಪೋಜಿರಾಮನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಅವನು ಮಕ್ಕಳಿಲ್ಲದೆ ತೀರಿಕೊಂಡ ಮೇಲೂ ಟಿಪ್ಪುವಿನ ಕಾಲದಲ್ಲಿ ಆ ಸವಲತ್ತುಗಳು ಮುಂದುವರಿದವು. ಮಲೆನಾಡಿನ ಅಡಕೆ, ಮೆಣಸು ಈ ಪೇಟೆಯನ್ನು ಹಾಯ್ದು ಮದರಾಸಿನ ಕಡೆಗೆ ಹೋಗತೊಡಗಿದವು. ಸುತ್ತಲಿನ ಕಂಬಳಿಗೆ ಇಲ್ಲಿ ಮಾರುಕಟ್ಟೆಯಾಯಿತು. ಕರೆದವನು ಹೋದರೂ ಕೊಟ್ಟ ಮಾತು ನಿಂತಿತು. ವರ್ತಕನು ರಿಯಾಯಿತಿಗಿಂತ ಹೆಚ್ಚಾಗಿ ನಂಬುವುದು ಇದನ್ನು. ಇಂದು ಒಂದು, ನಾಳೆ ಒಂದು ಎನ್ನುವ ಊರಿನಲ್ಲಿ ಯಾರೂ ಅಂಗಡಿಗೆ ಕಲ್ಲಿನ ಗೋಡೆ ಕಟ್ಟಿಸುವುದಿಲ್ಲ.

ಇನ್ನು ಇದಕ್ಕೆ ವಿರುದ್ಧವಾದ ಕಥೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ವಿದ್ಯಾಲಯವೊಂದರಲ್ಲಿ ಮೇಷ್ಟರಾಗಿದ್ದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯೊಂದು ಆರಂಭವಾಯಿತು. ಅಣ್ಣ ರಾಮಣ್ಣನವರು ಅದರಲ್ಲಿ ಜೊತೆಗಾರರು. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಅವರ ಕೆಲಸ ಬೆಳೆಯಿತು. ಕಬ್ಬಿಣ ತಗುಲಿದರೆ ನೆಲಕ್ಕೆ ವಿಷವೇರುತ್ತದೆಂದು ರೈತರು ಹೆದರಿದ ಕಾಲ ಅದು. ಮೊದಲ ನೇಗಿಲುಗಳನ್ನು ಮಾರುವುದಕ್ಕೇ ವರ್ಷಗಟ್ಟಲೆ ಕಾಯಬೇಕಾಯಿತು. ಕೊನೆಗೆ ರೈತನು ಒಪ್ಪಿದನು. ಆದರೆ ಊರು? ಕಾರ್ಖಾನೆಯಿದ್ದ ಜಾಗ ಹೊಸ ಬಡಾವಣೆಗೆ ಬೇಕಾಗಿದೆ, ತೆರವು ಮಾಡಿರೆಂದು ಬೆಳಗಾವಿಯ ಪುರಸಭೆ ಹೇಳಿತು. ಊರು ಬೆಳೆಯಲಿ ಎಂಬ ಉದ್ದೇಶದಿಂದಲೇ ಊರನ್ನು ಬೆಳೆಸಬಹುದಾಗಿದ್ದ ಕಾರ್ಖಾನೆಯನ್ನು ಎಬ್ಬಿಸಿದಂತಾಯಿತು!

ಆಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಅವರನ್ನು ಕರೆದರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲ, 10,000 ರೂಪಾಯಿ ಸಾಲ: ಕೊಟ್ಟದ್ದು ಇಷ್ಟು. ನೆಲವೋ, ಕಳ್ಳಿ ಬೆಳೆದು ಹಾವು ಹರಿದಾಡುತ್ತಿದ್ದ ಬಂಜರು. 1910ರಲ್ಲಿ ಕೆಲಸಗಾರರನ್ನೂ ಅವರ ಸಂಸಾರಗಳನ್ನೂ ಕರೆದುಕೊಂಡು ಹೋಗಿ ಅಲ್ಲಿ ಕಾರ್ಖಾನೆಯನ್ನೂ ಊರನ್ನೂ ಒಟ್ಟಿಗೆ ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ. ರೈಲು ನಿಲ್ದಾಣದ ಹೆಸರು ಕೂಡ ಆಮೇಲೆ ಅದೇ ಆಯಿತು. ಅಲ್ಲಿ ತಯಾರಾದ ನೀರೆತ್ತುವ ಪಂಪುಗಳು ದೇಶದ ಹೊಲಗದ್ದೆಗಳಿಗೆಲ್ಲ ಹೋದವು.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಬೆಳಗಾವಿ ಕಳೆದುಕೊಂಡದ್ದು ಹೊರಗಿನಿಂದ ಬರಬೇಕಾಗಿದ್ದ ಕಾರ್ಖಾನೆಯನ್ನಲ್ಲ, ತನ್ನಲ್ಲಿಯೇ ಮೊಳೆತದ್ದನ್ನು. ಔಂಧದ ಅರಸರು ಗುರುತಿಸಿದ್ದಾದರೂ ಕಟ್ಟಡ ಯಂತ್ರಗಳನ್ನಲ್ಲ, ಮನುಷ್ಯನನ್ನು. ಸೈಕಲ್ ರಿಪೇರಿಯವನಲ್ಲಿ ನಾಳಿನ ಕಾರ್ಖಾನೆಯನ್ನು ಕಾಣುವ ಕಣ್ಣು ಊರಿಗೆ ಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ವೈದ್ಯಕ್ಕಿಂತ ಹೆಚ್ಚಾಗಿ ಪುರಸಭೆಗಳಿಗೆ ಒಪ್ಪುತ್ತದೆಯೋ ಏನೋ!

ಉದ್ಯಮವೊಂದು ಒಂದು ಊರಿನಲ್ಲಿ ಬೇರೂರುವುದು ಹೇಗೆ ಎಂಬುದನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ವಿವರಿಸಿದನು. ಅವನು ಕಂಡ ಕಾರಣಗಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಒಂದೇ ಕಸುಬಿನವರು ಒಂದು ಕಡೆ ಸೇರಿದರೆ, ನುರಿತ ಕೈಗಳು ಅಲ್ಲಿ ಸುಲಭವಾಗಿ ಸಿಗುತ್ತವೆ. ಕೆಲಸ ಬಿಟ್ಟವನಿಗೂ ಪಕ್ಕದ ಬೀದಿಯಲ್ಲಿ ಕೆಲಸವುಂಟು. ಬಿಡಿಭಾಗ ಮಾಡುವವರು, ರಿಪೇರಿಯವರು, ಸಾಗಣೆಯವರು ಸುತ್ತ ಹುಟ್ಟಿಕೊಳ್ಳುತ್ತಾರೆ. ಒಬ್ಬನು ಕಂಡುಕೊಂಡ ಹೊಸ ಉಪಾಯ ಬೇಗ ಹತ್ತು ಜನಕ್ಕೆ ತಿಳಿಯುತ್ತದೆ. ಹೀಗೆ ನೆರೆಹೊರೆ ಬೆಳೆದ ಕಡೆಯಿಂದ ಉದ್ಯಮ ಎದ್ದುಹೋಗುವುದು ಕಷ್ಟ. ಬೇರೆ ಕಡೆ ಜಮೀನು ಅಗ್ಗವೆಂದು ಹೋದರೆ ಅಚ್ಚು ಕೆಟ್ಟ ದಿನ ಸರಿಪಡಿಸುವವರು ಯಾರು?

ಈ ನೆರೆಹೊರೆಯಿಲ್ಲದೆ ಒಂದೇ ದೊಡ್ಡ ಕಾರ್ಖಾನೆಯನ್ನು ನಂಬಿದರೆ ಏನಾದೀತೆಂಬುದಕ್ಕೆ ದಾವಣಗೆರೆಯ ನೆರೆಯ ಹರಿಹರ ಸಾಕ್ಷಿ. ಹರಿಹರಕ್ಕೆ ತುಂಗಭದ್ರೆಯ ನೀರಿದೆ, ರೈಲು ದಾರಿಯಿದೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಲೇತುಗಳು ದೇಶದ ವರ್ಕ್‌ಷಾಪುಗಳಲ್ಲೆಲ್ಲ ಹೆಸರು ಮಾಡಿದವು. ಕಾರ್ಖಾನೆಯ ಸೈರನ್ನಿನ ಸದ್ದಿಗೆ ಊರು ಗಡಿಯಾರ ಸರಿಮಾಡಿಕೊಂಡಿತು. ಆದರೆ ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿದಾಗ ಅದನ್ನೇ ನಂಬಿದ್ದ ಮನೆಗಳಿಗೆ ದಿಕ್ಕು ತೋಚದಂತಾಯಿತು. ದಾವಣಗೆರೆಗೂ ಇಂಥ ಪೆಟ್ಟು ಬಿದ್ದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳು ಎದ್ದು ಆ ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತು. ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಅಲ್ಲಿಯೂ ಕೂಲಿಕಾರರು ಪಟ್ಟ ಪಾಡು ಕಡಿಮೆಯದಲ್ಲ. ಆದರೆ ಊರಿಗೆ ಇನ್ನೂ ಬೇರೆ ಬೇರುಗಳಿದ್ದವು. ಹಳೆಯ ವರ್ತಕ ಪೇಟೆಯಿತ್ತು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯಿತ್ತು. 1965ರಲ್ಲಿ ವೈದ್ಯಕೀಯ ಕಾಲೇಜು, ಮುಂದೆ ಎಂಜಿನಿಯರಿಂಗ್ ಕಾಲೇಜು ಬಂದಿದ್ದವು. ಗಿರಣಿಯ ಊರು ಕಾಲೇಜು, ಆಸ್ಪತ್ರೆಗಳ ಊರಾಗಿ ಮಗ್ಗುಲು ಬದಲಿಸಿತು. ಒಂದೇ ಕಂಬದ ಮೇಲೆ ಚಪ್ಪರ ನಿಲ್ಲಿಸಬಾರದೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಊರಿನ ವಿಷಯ ಬಂದಾಗ ಮರೆಯುತ್ತೇವೆ.

ಬೆಳಗಾವಿಯ ಕಥೆ 1910ಕ್ಕೇ ಮುಗಿಯಲಿಲ್ಲ ಎಂಬುದು ಸಂತೋಷದ ವಿಷಯ. ಕಾರ್ಖಾನೆ ಹೋದ ಆರು ವರ್ಷಕ್ಕೆ, ಅಂದರೆ 1916ರಲ್ಲಿ, ಏಳು ಮಂದಿ ಮೇಷ್ಟರುಗಳು ಸೇರಿ ಅಲ್ಲಿ ಕೆ. ಎಲ್. ಇ. ಸಂಸ್ಥೆಯನ್ನು ಸ್ಥಾಪಿಸಿದರು. ನನ್ನ ವೃತ್ತಿಯವರ ಕೆಲಸವಾದ್ದರಿಂದ ಸ್ವಲ್ಪ ಅಭಿಮಾನದಿಂದಲೇ ಹೇಳುತ್ತಿದ್ದೇನೆ. 1979ರ ಹೊತ್ತಿಗೆ ಊರಿಗೆ ಎಂಜಿನಿಯರಿಂಗ್ ಕಾಲೇಜುಗಳು ಬಂದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅದೇ ಕೇಂದ್ರಸ್ಥಾನವಾಯಿತು. ಈ ನಡುವೆ ಉದ್ಯಮಬಾಗದಂಥ ಕಡೆಗಳಲ್ಲಿ ಎರಕದ ಕಾರ್ಖಾನೆಗಳು, ಲೇತಿನ ವರ್ಕ್‌ಷಾಪುಗಳು, ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳಿಗೆ ವಾಲ್ವು, ಪಂಪು ಮಾಡುವ ಘಟಕಗಳು ಒಂದರ ಪಕ್ಕ ಒಂದು ಬೆಳೆದವು. ಒಬ್ಬನು ಎರಕ ಹೊಯ್ದದ್ದನ್ನು ಇನ್ನೊಬ್ಬನು ಕಡೆಯುವನು. ಮತ್ತೊಬ್ಬನು ಅಳತೆ ನೋಡಿ ಜೋಡಿಸುವನು. ಇವರಲ್ಲಿ ಹೆಚ್ಚಿನವರ ಹೆಸರು ಪತ್ರಿಕೆಯಲ್ಲಿ ಬಂದದ್ದಿಲ್ಲ.

ಈ ಶತಮಾನದಲ್ಲಿ ಇದೇ ಜಿಲ್ಲೆಯ ಹತ್ತರಗಿಯಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ಏಕಸ್ ಎಂಬ ಸಂಸ್ಥೆ ವಿಮಾನದ ಭಾಗಗಳನ್ನು ಮಾಡುವ ವಿಶೇಷ ಆರ್ಥಿಕ ವಲಯವನ್ನು ಕಟ್ಟಿತು. ವಿಮಾನದ ಒಂದು ತುಂಡನ್ನು ಮಾಡಲು ಲೋಹವನ್ನು ಕಾಯಿಸಿ ಬಡಿಯುವುದು, ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕಡೆಯುವುದು, ಮೇಲ್ಮೈಗೆ ಸಂಸ್ಕಾರ ಕೊಡುವುದು, ಜೋಡಿಸುವುದು ಎಂದು ಹಲವು ಹಂತಗಳಿವೆ. ಒಂದೊಂದು ಹಂತಕ್ಕೆ ಒಂದೊಂದು ಊರಿಗೆ, ಕೆಲವೊಮ್ಮೆ ಒಂದೊಂದು ದೇಶಕ್ಕೆ, ಆ ತುಂಡು ಪ್ರಯಾಣ ಮಾಡಬೇಕಾಗುತ್ತದೆ. ಹತ್ತರಗಿಯಲ್ಲಿ ಇವನ್ನೆಲ್ಲ ಒಂದೇ ಆವರಣದೊಳಗೆ ತಂದರು. ಹೊರದೇಶದ ಕಂಪನಿಗಳೂ ಪಾಲುದಾರರಾಗಿ ಬಂದವು. ರಿಯಾಯಿತಿಗಳು ಇದ್ದವು, ಅಲ್ಲಗಳೆಯಲಾರೆ. ಆದರೆ ರಿಯಾಯಿತಿ ಎಲ್ಲ ಊರಿನಲ್ಲಿಯೂ ಸಿಗುತ್ತದೆ. ಲೋಹದ ಕೆಲಸ ಬಲ್ಲ ಕೈಗಳು, ನಕ್ಷೆ ಓದಬಲ್ಲ ಕಣ್ಣುಗಳು ಎಲ್ಲ ಊರಿನಲ್ಲಿಯೂ ಸಿಗುವುದಿಲ್ಲ.

ಕೈಯಂತೆಯೇ ಹಣವೂ ನೆರೆಯಲ್ಲಿ ಸಿಗಬೇಕು. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಅವರು ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕು ಎನಿಸಿದ್ದು, ನೇಕಾರರಂಥ ಸಣ್ಣ ಕಸುಬಿನವರಿಗೆ ನೆರವಾಗಲೆಂದೇ ಹುಟ್ಟಿದ್ದು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂಥ ಸಣ್ಣ ಮೊತ್ತವನ್ನು ಸಂಗ್ರಹಿಸಿ ತರುತ್ತಿದ್ದನು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಅದು ಕಲಿಸಿದ ಪಾಠ ಉಳಿದಿದೆ: ಊರಿನ ಉಳಿತಾಯ ಊರಿನ ಕಸುಬಿಗೆ ಒದಗಿದರೆ, ದೂರದ ಬಂಡವಾಳಗಾರನ ದಾರಿ ಕಾಯುತ್ತ ಕೂರಬೇಕಾಗಿಲ್ಲ.

ಹಾಗಾದರೆ ನಾವು ನೀವು ಮಾಡಬಹುದಾದದ್ದೇನು? ಕಾರ್ಖಾನೆ ತರುವುದು ಮಂತ್ರಿಗಳ ಕೆಲಸ, ನಮಗೇಕೆ ಎನ್ನುವವರುಂಟು. ಆದರೆ ಬರುವ ಉದ್ಯಮಿಯು ನೋಡುವ ಸಂಗತಿಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲಿಯೇ ಇವೆ. ನಲ್ಲಿಯಲ್ಲಿ ನೀರು ಹೊತ್ತಿಗೆ ಬರುತ್ತದೆಯೆ? ಜಮೀನಿನ ಪಹಣಿ, ಖಾತೆ ತಕರಾರಿಲ್ಲದೆ ಇವೆಯೆ? ಮಕ್ಕಳಿಗೆ ಶಾಲೆ, ಹೆಂಗಸರಿಗೆ ಹೆರಿಗೆ ಆಸ್ಪತ್ರೆ ಚೆನ್ನಾಗಿವೆಯೆ? ಐ. ಟಿ. ಐ.ಯಲ್ಲಿ ಕೆಲಸ ಮಾಡುವ ಯಂತ್ರಗಳಿವೆಯೆ, ಧೂಳು ತಿನ್ನುವ ಯಂತ್ರಗಳಿವೆಯೆ? ಇನ್ನು ನಮ್ಮ ಮನೆಯೊಳಗಿನ ಒಂದು ಮಾತು. ಎಸ್. ಎಸ್. ಎಲ್. ಸಿ. ಆದ ಮೇಲೆ ಐ. ಟಿ. ಐ. ಸೇರುವ ಹುಡುಗನನ್ನು "ಓದು ಹತ್ತದವನು" ಎಂದು ಬಗೆಯುವ ಅಭ್ಯಾಸ ನಮಗಿದೆ. ಕಾಯಕಕ್ಕೆ ಕೈಲಾಸದ ಸ್ಥಾನ ಕೊಟ್ಟ ನಾಡಿನಲ್ಲಿ ಇದು ಹೇಗೆ ಬಂತೋ ತಿಳಿಯದು. ಲೇತಿನ ಮುಂದೆ ನಿಂತವನಿಗೆ ಗೌರವವಿಲ್ಲದ ಊರಿಗೆ ಲೇತುಗಳು ಬಾರವು. ಬಂದರೂ ಅವುಗಳ ಮುಂದೆ ನಿಲ್ಲುವುದಕ್ಕೆ ಹೊರಗಿನವರನ್ನು ಕರೆಸಬೇಕಾಗುತ್ತದೆ.

ಮತ್ತೆ, ಆ ಹಳೆಯ ಪಟ್ಟಣಸ್ವಾಮಿಯ ಸ್ಥಾನ ನಮ್ಮ ಊರುಗಳಲ್ಲಿ ಖಾಲಿ ಇದೆ. ಹೊರಗಿನಿಂದ ಬರುವ ದೊಡ್ಡವರಿಗೆ ಸ್ವಾಗತ ಸಮಿತಿ ಇರುತ್ತದೆ. ಇಪ್ಪತ್ತು ವರ್ಷದಿಂದ ಊರಿನ ಹಿಂಬದಿಯಲ್ಲಿ ನಾಲ್ಕು ಜನಕ್ಕೆ ಕೆಲಸ ಕೊಟ್ಟಿರುವ ವರ್ಕ್‌ಷಾಪಿನವನ ಅಹವಾಲು ಕೇಳುವುದಕ್ಕೆ ಯಾವ ಸಮಿತಿಯೂ ಇಲ್ಲ. ವರ್ತಕರ ಸಂಘ, ನಗರಸಭೆ, ಕಾಲೇಜಿನವರು ಸೇರಿ ತಿಂಗಳಿಗೊಮ್ಮೆ ಅಂಥವರ ಬಳಿಗೆ ಹೋಗಲಿ. "ಏನಪ್ಪಾ, ನಿನ್ನ ಕೆಲಸ ಎರಡರಷ್ಟಾಗಲು ಏನು ಅಡ್ಡಿ?" ಎಂದು ಕೇಳಲಿ. ಬಾಗಿಲ ಮುಂದಿನ ಮೋರಿ ಮಳೆಗಾಲದಲ್ಲಿ ಉಕ್ಕಿ ಸಾಮಾನು ನೆನೆಯುತ್ತದೆ ಎಂದು ಅವನು ಹೇಳಬಹುದು. ಲೈಸೆನ್ಸಿಗಾಗಿ ಆರು ಸಲ ಅಲೆದೆ ಎನ್ನಬಹುದು. ಮೊದಲು ಆ ಮೋರಿಯನ್ನು ಸರಿ ಮಾಡಿಸೋಣ, ಆ ಲೈಸೆನ್ಸನ್ನು ಕೊಡಿಸೋಣ. ಹೊರಗಿನವರಿಗೆ ಕಳಿಸುವ ಆಹ್ವಾನ ಪತ್ರಿಕೆಯನ್ನು ಅನಂತರ ಅಚ್ಚು ಹಾಕಿಸಬಹುದು.